ವಾಸಿಲೀನಾ ಅಳಿಸಿದ ದಾರಿ

ರೋದ್ನಾ ಬೆಟ್ಟಗಳ ಏಣಿನ ಮೇಲೆ, ಶಿಖರದಿಂದ ಶಿಖರಕ್ಕೆ ಹೋಗುವ ಕಾಲುದಾರಿಗೆ ಗುರುತು ಬಳಿಯುವ ಕೆಲಸವನ್ನು ವಾಸಿಲೀನಾ ಇಪ್ಪತ್ತಾರು ವರ್ಷ ಮಾಡಿದಳು. ಹಿಮ ಕರಗಿದ ಮೇಲೆ ಬಣ್ಣದ ಡಬ್ಬಿ ಹೊತ್ತು ಹೊರಟರೆ ಬಂಡೆಬಂಡೆಗೂ ನೀಲಿ ಪಟ್ಟೆ ಎಳೆಯುತ್ತ ನಾಲ್ಕು ದಿನ ನಡೆಯುವಳು. ಮಂಜು ಕವಿದಾಗ ಆ ಪಟ್ಟೆಗಳನ್ನೇ ನಂಬಿ ಎಷ್ಟೋ ಜನ ಜೀವಂತ ಇಳಿದಿದ್ದರು. ಬೆಟ್ಟ ಹತ್ತುವವರೆಂದರೆ ಅವಳಿಗೆ ಅಕ್ಕರೆ.

ಆ ಅಕ್ಕರೆ ಒಂದೇ ಬೇಸಿಗೆಯಲ್ಲಿ ಹಳಸಿತು.

ಮರ ಸಾಗಿಸುವ ಕೊರಕಲು ರಸ್ತೆಯಲ್ಲಿ ಅವಳ ಅಣ್ಣನ ಮಗ ಟ್ರಾಯಾನ್ ಜೀಪು ಓಡಿಸತೊಡಗಿದ್ದ. ಇಡೀ ದಿನ ನಡೆದು ಮುಟ್ಟಬೇಕಿದ್ದ ಏಣಿನ ಬುಡಕ್ಕೆ ಈಗ ಎರಡು ಗಂಟೆ ಕುಲುಕಾಡಿದರೆ ಸಾಕು. ಜುಲೈನಲ್ಲಿ ವಾಸಿಲೀನಾ ಅವನ ಜೀಪಿನಿಂದಿಳಿದು, ಜೊತೆಗಿದ್ದ ಪ್ರವಾಸಿಗಳಿಗಿಂತ ಮುಂಚೆ ಮೇಲಿನ ಒರತೆಗೆ ಬಂದಳು. ಏಣಿನ ಉದ್ದಕ್ಕೂ ಇದ್ದದ್ದು ಅದೊಂದೇ ನೀರು.

ನೀರಿನ ಮೇಲೆ ಊದಿಕೊಂಡ ನೂಡಲ್ಸ್ ತೇಲುತ್ತಿತ್ತು. ಕಲ್ಲುಗಳ ಸಂದಿಯಲ್ಲಿ ಒರೆಸಿ ಎಸೆದ ಕಾಗದ. ನಾಲ್ಕು ಹೆಜ್ಜೆ ಮೇಲೆ, ನೀರು ಜಿನುಗುವ ಕಡೆಯೇ, ಯಾರೋ ಕಕ್ಕಸಿಗೆ ಕೂತೆದ್ದು ಹೋಗಿದ್ದರು. ವಾಸಿಲೀನಾ ಅಂಗಿಯ ತೋಳು ಮಡಚಿ ಎಲ್ಲವನ್ನೂ ಬರಿಗೈಯಲ್ಲೇ ಬಾಚಿ ದೂರ ಹೂತಳು.

ಅಷ್ಟರಲ್ಲಿ ಟ್ರಾಯಾನ್ ತನ್ನ ಗುಂಪಿನೊಂದಿಗೆ ಬಂದ. ಬಂದವರಲ್ಲೊಬ್ಬ ಬೂಟು ಕಳಚಿ, ಆಗತಾನೆ ತಿಳಿಯಾಗುತ್ತಿದ್ದ ಒರತೆಗೆ ಕಾಲಿಳಿಸಿ "ಆಹಾ" ಎಂದ.

"ಅವನಿಗೆ ಕಾಲು ತೆಗೀ ಅನ್ನು," ಎಂದಳು ವಾಸಿಲೀನಾ.

"ಬಿಡು ಅತ್ತೆ, ಪಾಪ, ಕಾಲಲ್ಲಿ ಬೊಬ್ಬೆ ಬಂದಿದೆ."

"ಹೋದ ವಾರ ಇಲ್ಲಿ ಹೇತೋರೂ ನಿನ್ನ ಪಾಪದೋರೇ ಏನೋ?"

"ಮೆಲ್ಲಗೆ ಮಾತಾಡು. ಅವ್ರು ನನ್ನ ಗಿರಾಕಿಗಳು."

"ನಿಮ್ಮಜ್ಜಿ ಇಲ್ಲಿ ಕುರಿ ಕಾಯ್ತಾ ಇದೇ ನೀರು ಕುಡಿದಳು ಕಣೋ. ನೀನು ಕುಡಿ ನೋಡೋಣ, ಒಂದು ಬೊಗಸೆ."

ಟ್ರಾಯಾನ್ ಕುಡಿಯಲಿಲ್ಲ. ಚೀಲದಿಂದ ಅಂಗಡಿಯ ನೀರಿನ ಬಾಟಲಿ ತೆಗೆದ. ಅದನ್ನು ಕಂಡು ಅವಳಿಗೆ ಹೊಲಸಿಗಿಂತ ಹೆಚ್ಚು ಹೇಸಿಗೆಯಾಯಿತು.

ಅವರು ಮುಂದೆ ಹೋದ ಮೇಲೆ ಚಾಕು ತೆಗೆದು, ಏಣಿನಿಂದ ಒರತೆಗೆ ಇಳಿಯುವ ದಾರಿಯ ಹನ್ನೊಂದು ಪಟ್ಟೆಗಳನ್ನೂ ಕೆರೆದು ಹಾಕಿದಳು. ಏಣಿನ ಪಟ್ಟೆಗಳನ್ನು ಮಾತ್ರ ಮುಟ್ಟಲಿಲ್ಲ. ಯಾರೂ ಸಾಯುವುದು ಅವಳಿಗೆ ಬೇಕಿರಲಿಲ್ಲ.

ಟ್ರಾಯಾನ್ ದೂರು ಕೊಟ್ಟ. ಅವಳಿಗೆ ಆ ಕೆಲಸ ಕೊಟ್ಟಿದ್ದ ಚಾರಣ ಸಂಘದವರು ಕರೆಸಿ ಕೇಳಿದಾಗ "ಹೌದು, ನಾನೇ" ಎಂದು ಕುಂಚ, ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟು ಬಂದಳು.

ಮರುವರ್ಷ ಕುರುಬರು, ಪ್ರವಾಸಿಗಳ್ಯಾರೂ ಈಗ ಅತ್ತ ಇಳಿಯುವುದಿಲ್ಲ, ಒರತೆ ಮತ್ತೆ ತಿಳಿಯಾಗಿದೆಯೆಂದರು. ವಾಸಿಲೀನಾ ಹೋಗಿ ನೋಡಿದಳು. ತಳದ ಹರಳೂ ಕಾಣುತ್ತಿತ್ತು. ಬೊಗಸೆ ತುಂಬಿದಳು, ತುಟಿಯವರೆಗೂ ತಂದಳು. ಕುಡಿಯಲಾಗಲಿಲ್ಲ. ನೀರು ಚೆಲ್ಲಿ, ಕೈಯನ್ನು ಲಂಗಕ್ಕೆ ಮತ್ತೆ ಮತ್ತೆ ಒರೆಸಿಕೊಂಡಳು.