ನಾನು ಬೀಳುವ ದಿಕ್ಕು

ಗೆಳೆಯರೇ, ಬೈಕು ಬಿದ್ದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಪೆಟ್ಟಾಗದಂತೆ ಆಕ್ಸಲ್ಲಿನ ಎರಡೂ ತುದಿಗೆ ಕೂರಿಸುವ ನೈಲಾನ್ ಸ್ಲೈಡರ್ ತರಿಸಿದ್ದೆ. ಇವತ್ತು ಕೊಟ್ಟೂರಿನ ಮೆಕ್ಯಾನಿಕ್ ರಸೂಲ್ ಸಾಬರು ಎಡಗಡೆ ಮಾತ್ರ ಹಾಕಿ ಕೈ ಒರೆಸಿಕೊಂಡರು.

"ಬಲಗಡೀದು?" ಎಂದೆ.

"ಬ್ಯಾಡ್ರಿ. ಆರು ವರ್ಷದಿಂದ ನಿಮ್ಮ ಗಾಡಿ ರಿಪೇರಿ ಮಾಡೀನಿ. ನೀವು ಬೀಳೋದು ಎಡಕ್ಕ."

ಪಕ್ಕದ ಚಹಾದಂಗಡಿ ಬಸಣ್ಣನೂ ಸಾಕ್ಷಿ ಹೇಳಿದ: "ಹೌದ್ರಿ, ತಂಬ್ರಹಳ್ಳಿ ತಿರುವಿನ್ಯಾಗೂ ಎಡಕ್ಕ ಬಿದ್ದಿದ್ರಿ."

ಹಟ ಹಿಡಿದು ಬಲಕ್ಕೂ ಹಾಕಿಸಿದೆ. ಎಲ್ಲರೂ ನೋಡುತ್ತಿದ್ದರಲ್ಲ, ಎಡಕ್ಕೆ ವಾಲಬಾರದೆಂದು ಜೋಪಾನವಾಗಿ ಹೊರಟವನು ಅಂಗಡಿ ಮುಂದೆಯೇ ಬಲಕ್ಕೆ ಬಿದ್ದೆ. ಫೋರ್ಕಿಗೆ ಒಂದು ಗೀರೂ ಇಲ್ಲ!

"ನೋಡಿದ್ರೇನ್ರಿ?" ಎಂದೆ, ಬೈಕಿನ ಕೆಳಗಿನಿಂದಲೇ.

"ಹಟಕ್ಕ ಬಿದ್ರಿ. ಇದು ಲೆಕ್ಕಕ್ಕಿಲ್ಲ" ಎಂದರು ಸಾಬರು.

ನನ್ನ ಬಲ ಮೊಣಕಾಲು ಮಾತ್ರ ಇದನ್ನೂ ಲೆಕ್ಕಕ್ಕೆ ಹಿಡಿದಿದೆ.