ಹನಮಂತನ ದನಿ ಇದ್ದ ಡಿಸ್ಕು

ಹನಮಂತನ ಎರಡು ತಿಂಗಳ ಸಂಬಳ ಇನ್ನೂ ಬಾಕಿ ಇದೆ. ಹನಮಂತ ಇಲ್ಲ. ಜೆ.ಪಿ. ನಗರದ ಕಲ್ಯಾಣ ಮಂಟಪವೊಂದರಲ್ಲಿ ಮದುವೆಯ ಧಾರೆಯ ವಿಡಿಯೋ ತೆಗೆಯುತ್ತಾ ಕಬ್ಬಿಣದ ಏಣಿಯಿಂದ ಬಿದ್ದು ಸತ್ತ. ಸ್ಟುಡಿಯೋ ಮಾಲೀಕ ನಂದಕುಮಾರ್ ಪೊಲೀಸರ ಮುಂದೆ ಕೈ ತೊಳೆದುಕೊಂಡ: "ಅವ್ನು ನಮ್ಮ ಹುಡುಗ ಅಲ್ಲ ಸಾರ್. ಸುಮ್ನೆ ನೋಡೋಕೆ ಬಂದಿದ್ದ, ತಾನಾಗೇ ಹತ್ತಿದ."

ಜಯನಗರದ ಅದೇ ಸ್ಟುಡಿಯೋದಲ್ಲಿ ಹನಮಂತನ ಅಕ್ಕ ಉಮಾಶ್ರೀಗೂ ಕೆಲಸ. ಇಬ್ಬರೂ ಇಳಕಲ್ ಕಡೆಯವರು, ಬಿಟಿಎಂನಲ್ಲಿ ಒಂದು ಕೋಣೆ ಹಿಡಿದು ಇದ್ದವರು. ಮದುವೆಗಳಿಂದ ಬಂದ ಹಾರ್ಡ್ ಡಿಸ್ಕುಗಳನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಪ್ಪು ಪರದೆಯ ಮೇಲೆ ಮೌಂಟ್ ಎಂದು ಟೈಪು ಮಾಡಿ ತೆರೆಯುವುದು, ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಮಾಡಿ ಬಿಚ್ಚುವುದು ಅವಳ ಪಾಲಿನದು.

ಊರಲ್ಲಿ ತಮ್ಮನನ್ನು ಮಣ್ಣು ಮಾಡಿ ಬಂದವಳು ಮೊದಲು ಹುಡುಕಿದ್ದು ಆ ಮದುವೆಯ ಡಿಸ್ಕನ್ನು. ಏನೂ ಅಳಿಸಿಹೋಗದಿರಲೆಂದು, ನೋಡಲಷ್ಟೇ ಬರುವಂತೆ ಮೌಂಟ್ ಮಾಡಿದಳು. ಹೆಡ್‌ಫೋನಿನಲ್ಲಿ ತಮ್ಮ ಮಾತಾಡಿದ: "ಅಜ್ಜಾರ, ಇತ್ಲಾಗ ನೋಡ್ರಿ. ನಗಾಕ ರೊಕ್ಕ ಇಸ್ಗೊಳ್ಳಂಗಿಲ್ಲ ನಾವು." ಬೆನ್ನಿಗೇ ನಂದಕುಮಾರನ ದನಿ: "ಲೋ ಹನಮಂತ, ಏಣಿ ಹತ್ತೋ. ಇನ್ನೂ ಮೇಲೆ. ಸಂಬಳ ಕೊಡೋದು ಕೆಳಗೆ ನಿಂತ್ಕೊಳ್ಳೋಕಾ?"

ಇನ್ನೇನು ಬೇಕು ಪುರಾವೆ? ಉಮಾಶ್ರೀ ಪೆನ್‌ಡ್ರೈವ್ ಸಿಕ್ಕಿಸಿ ಕಾಪಿಗೆ ಹಾಕಿದಳು. ವಿಡಿಯೋ ದೊಡ್ಡದು. ಅರ್ಧ ಆಗುವಷ್ಟರಲ್ಲಿ ನಂದಕುಮಾರ್ ಬಂದು ಬೆನ್ನ ಹಿಂದೆ ನಿಂತ.

"ಆ ಡಿಸ್ಕ್ ಬಿಚ್ಚಮ್ಮ, ಮದುವೆ ಪಾರ್ಟಿಗೆ ಕೊಡ್ಬೇಕು."

ಅವನ ಕಣ್ಣೆದುರೇ ಅನ್‌ಮೌಂಟ್ ಎಂದು ಟೈಪು ಮಾಡಿದಳು. ಡಿಸ್ಕು ಬಳಕೆಯಲ್ಲಿದೆ, ಆಗದು ಎಂದಿತು ಯಂತ್ರ. ಕಾಪಿ ನಡೆದಿರುವಾಗ ಆಗದೆಂದು ಅವಳಿಗೆ ಗೊತ್ತೇ ಇತ್ತು. ಅವಳಿಗೆ ಬೇಕಿದ್ದದ್ದು ಒಂದಿಷ್ಟು ಹೊತ್ತು.

"ಬಿಜಿ ಅಂತ ತೋರ್ಸಾಕತ್ತೈತ್ರಿ ಸರ. ಒಂದೀಟು ತಡೀರಿ."

"ನನ್ನ ಕಿವಿ ಮೇಲೇ ಹೂ ಇಡ್ತೀಯಾ?" ಎಂದವನು ವೈರು ಕಿತ್ತು ಡಿಸ್ಕನ್ನು ಜೇಬಿಗಿಳಿಸಿದ. "ನಾಳೆಯಿಂದ ಬರ್ಬೇಡ."

ಪೆನ್‌ಡ್ರೈವಿನಲ್ಲಿ ಉಳಿದ ಅರ್ಧ ವಿಡಿಯೋ ಎಲ್ಲಿ ಹಾಕಿದರೂ ತೆರೆಯಲಿಲ್ಲ. ಅವಳು ದೂರು ಕೊಟ್ಟಾಗ, ಡಿಸ್ಕು ಕೆಟ್ಟುಹೋಯಿತೆಂದು ಮಾಲೀಕ ಠಾಣೆಯಲ್ಲಿ ಹೇಳಿದ. ಮದುವೆ ಮನೆಯವರು ನಮಗೇಕೆ ಈ ತಂಟೆ ಎಂದು ಬಾಗಿಲು ಹಾಕಿಕೊಂಡರು. ತಮ್ಮನನ್ನು ಒಮ್ಮೆ ಮಣ್ಣಿಗೆ ಕೊಟ್ಟಿದ್ದಳು. ಈಗ ದನಿಯೂ ಹೋಯಿತು.

ಆದರೆ ಅಂದು ಆ ಮಂಟಪದಲ್ಲಿ ನೂರಾರು ಜನ ಉಂಡಿದ್ದಾರೆ. ಧಾರೆಯ ಹೊತ್ತಿಗೆ ಕೈಗೊಂದು ಫೋನು ಎತ್ತಿದ್ದಾರೆ. ಏಣಿ ಮೇಲಿದ್ದವನು, ಕೆಳಗಿನಿಂದ ಕೂಗಿದವನು, ಇಬ್ಬರೂ ಯಾರದೋ ಫೋನಿನಲ್ಲಿ ಇದ್ದೇ ಇದ್ದಾರೆ. ನೀವೂ ಅಲ್ಲಿದ್ದವರಾದರೆ ಅಯ್ಯೋ ಪಾಪ ಅನ್ನಬೇಡಿ. ಫೋನು ತೆಗೆಯಿರಿ, ಹುಡುಕಿ, ಠಾಣೆಗೆ ಬಂದು ಸಾಕ್ಷಿ ಹೇಳಿ.