ಹೊಳೆವ್ವನ ಹೆಸರಿನ ಮುಂದಿನ ಸೊನ್ನೆ

ಯಂಕವ್ವ ಒಳ್ಳೆಯ ಹೆಂಗಸು ಎಂದು ಹತ್ತಿಮತ್ತೂರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳಿಸಿಕೊಳ್ಳುವ ಹಂಬಲ ಆಕೆಗೂ ಇರಲಿಲ್ಲ. ಆಕೆಗೆ ಬೇಕಾದದ್ದು ಒಂದೇ: ನೆಗೆಣ್ಣಿ ಹೊಳೆವ್ವ ನರಳಿ ನರಳಿ ಸಾಯಬೇಕು.

ಬೇಡವೇ ಮತ್ತೆ? ೧೯೩೭ರಲ್ಲಿ ಗಂಡ ಬೀರಪ್ಪ ಕ್ಷಯದಿಂದ ಸತ್ತ. ದಿನಕರ್ಮ ಮುಗಿಯುವುದಕ್ಕೂ ಕಾಯದೆ ಈ ಹೊಳೆವ್ವ, ಭಾವನ ಹೆಂಡತಿ, ಯಂಕವ್ವನ ಹಾಸಿಗೆ ಗಡಿಗೆಗಳನ್ನೆಲ್ಲ ಓಣಿಗೆ ಎಸೆದಳು. "ಕ್ಷಯದಾಕಿ, ನನ್ನ ಹೊಸ್ತಿಲಾ ತುಳಿಬ್ಯಾಡ!" ಎಂದು ಊರಿಗೇ ಕೇಳುವಂತೆ ಕೂಗಿದಳು. ಆರು ತಿಂಗಳ ಕೂಸನ್ನು ಕಟ್ಟಿಕೊಂಡು ಯಂಕವ್ವ ಆ ಮಳೆಗಾಲವನ್ನು ಕುರಿದೊಡ್ಡಿಯಲ್ಲಿ ಕಳೆದಳು. ಕೂಸು ಉಳಿಯಲಿಲ್ಲ. ಅದಕ್ಕೆ ಮಣ್ಣು ಕೊಟ್ಟ ಮರುದಿನ ಅವಳು ಸವಣೂರಿಗೆ ನಡೆದುಹೋದಳು.

ಅಲ್ಲಿ ದವಾಖಾನೆಯ ಕಸ ಹೊಡೆಯುವ ಕೆಲಸ ಸಿಕ್ಕಿತು. ಸೂಲಗಿತ್ತಿ ರಹಿಮಾಬಿ ಬಿಡುವಿದ್ದಾಗ ಅಂಕಿ ಕಲಿಸಿದಳು. ೧೯೪೨ರಲ್ಲಿ ಮುಂಬಯಿಯಲ್ಲಿ ಓದಿದ ಡಾಕ್ಟರ್ ಬಸವಣ್ಣೆಪ್ಪ ಬಂದರು. ಒಂದೇ ಮನೆಯಲ್ಲಿ ಕ್ಷಯ ಒಬ್ಬನನ್ನು ತಿಂದು, ಮಗ್ಗುಲಲ್ಲೇ ಮಲಗಿದವಳನ್ನು ಬಿಡುವುದೇಕೆ? ಇದೇ ಅವರ ಸಂಶೋಧನೆ. ಮುಂಗೈಗೆ ಒಂದು ಹನಿ ಮದ್ದು ಚುಚ್ಚಬೇಕು, ಮೂರನೆಯ ದಿನ ಬಾವನ್ನು ಅಳೆಯಬೇಕು. ಹೆಂಗಸರು ಗಂಡಸಿನ ಕೈಗೆ ಕೈ ಕೊಡಲು ನಾಚಿದರು. ಹಾಗಾಗಿ ಅಳತೆಪಟ್ಟಿ ಯಂಕವ್ವನ ಪಾಲಿಗೆ ಬಂತು.

ಮೊದಲು ಚುಚ್ಚಿಸಿಕೊಂಡವಳು ಅವಳೇ. ಹುಣಸೆಬೀಜಕ್ಕಿಂತ ಅಗಲವಾಗಿ ಕೆಂಪಗೆ ಬಾವು ಎದ್ದಿತು.

"ನನಗೂ ಬಂತೇನ್ರಿ?"

"ರೋಗದ ಬೀಜ ಒಳಗ ಹೊಕ್ಕಿತ್ತವ್ವಾ. ನಿನ್ನ ಮೈ ಕಾದಾಡಿ ಅದನ್ನ ಅದುಮಿಟ್ಟೈತಿ. ಬಾವು ಅಂದ್ರ ಮೈಯಿನ ಸಿಟ್ಟು."

"ಬಾವು ಬರದಿದ್ರ?"

"ಬೀಜ ಹೊಕ್ಕಿಲ್ಲಂತ ತಿಳೀಬೇಕು. ಇಲ್ಲಾ, ರೋಗ ಪೂರಾ ತಿಂದು, ಮೈಗೆ ಸಿಟ್ಟು ಬರೋ ತ್ರಾಣನೂ ಉಳಿದಿಲ್ಲಂತ. ಅದಕ್ಕ ಕೆಮ್ಮು ಕೇಳೂದು ಮರೀಬ್ಯಾಡ. ಕೆಮ್ಮು ಇದ್ರ ಹಾಳಿಯಾಗ ಹೆಸರಿನ ಮುಂದ ಗೆರಿ, ಇಲ್ದಿದ್ರ ಸೊನ್ನಿ."

ಸಿಟ್ಟು ಎಂಬ ಮಾತು ಯಂಕವ್ವನಿಗೆ ಬಹಳ ಹಿಡಿಸಿತು.

ಹತ್ತಿಮತ್ತೂರಿನ ಸರದಿ ಬಂತು. ಚುಚ್ಚಿದ ಮೂರನೆಯ ದಿನ ಚಾವಡಿಯಲ್ಲಿ ಅರ್ಧ ಊರಿನ ಕೈ ಬಾತಿತ್ತು, ಬಾತವರೆಲ್ಲ ಸೆರಗಿನಡಿ ಕೈ ಮುಚ್ಚಿಕೊಂಡು ಕುಳಿತಿದ್ದರು. ಹೊಳೆವ್ವನ ಕೈ ಮಾತ್ರ ನುಣ್ಣಗಿತ್ತು. ಆಕೆ ಬಿಟ್ಟಾಳೆಯೇ? ಕೈ ಎತ್ತಿ ಸುತ್ತಲೂ ತೋರಿಸಿದಳು.

"ನೋಡ್ರೇ ಎಲ್ಲಾರೂ! ನಮ್ಮ ಮನ್ಯಾಗ ಅಂಥಾದ್ದೇನಿಲ್ಲ. ಕ್ಷಯ ಇದ್ದದ್ದು ಈಕಿ ಮೈಯಾಗ!"

ಹೇಳುತ್ತಲೇ ಕೆಮ್ಮು ಒತ್ತರಿಸಿ ಬಂತು. ಸೆರಗಿಗೆ ಬಾಯಿ ಒರೆಸಿ ಗಡಿಬಿಡಿಯಿಂದ ಮಡಚಿಕೊಂಡಳು. ಆ ಸೆರಗಿನ ರಕ್ತವನ್ನು ಯಂಕವ್ವ ಒಬ್ಬಳೇ ಕಂಡಳು. ಸೊರಗಿ ಗುಳಿಬಿದ್ದ ಕುತ್ತಿಗೆಯನ್ನೂ ಕಂಡಳು.

ಅಬ್ಬಾ, ಆ ಗಳಿಗೆಯ ಸುಖ! ಒಂದು ಗೆರೆ ಎಳೆದಿದ್ದರೆ ಡಾಕ್ಟರು ಕಫ ನೋಡುತ್ತಿದ್ದರು, ಬೇರೆ ಇರಿಸಿ ಆರೈಕೆ ಮಾಡಿಸುತ್ತಿದ್ದರು. ಯಂಕವ್ವ ನಿಧಾನವಾಗಿ, ದುಂಡಗೆ, ಸೊನ್ನೆ ಹಾಕಿದಳು.

"ನಿನಗೇನೂ ಇಲ್ಲಕ್ಕ, ಆರಾಮ ಅದಿ," ಎಂದು ಬಾಯಿ ತುಂಬ ಹೇಳಿದಳು.

ಎಂಟು ತಿಂಗಳಾದ ಮೇಲೆ ಹೊಳೆವ್ವ ರಕ್ತ ಕಾರಿ ಸತ್ತ ಸುದ್ದಿ ಬಂತು. ಯಂಕವ್ವ ಅವತ್ತು ಹೋಳಿಗೆ ಮಾಡಿ ತಿಂದಳು, ರಹಿಮಾಬಿಗೂ ಕೊಟ್ಟಳು. ಯಾವ ಹಬ್ಬ ಎಂದು ರಹಿಮಾಬಿ ಕೇಳಿದ್ದಕ್ಕೆ ನಕ್ಕು ಇನ್ನೊಂದು ಹೋಳಿಗೆ ಬಡಿಸಿದಳು.

ಮರುವರ್ಷ ಡಾಕ್ಟರು ಅದೇ ಮನೆಗಳನ್ನು ಮತ್ತೊಮ್ಮೆ ನೋಡಲು ಹೊರಟರು. ಚುಚ್ಚಿದ ಮೂರನೆಯ ದಿನ ಚಾವಡಿಗೆ ಹೊಳೆವ್ವನ ಮಗ ಮಾರೆಪ್ಪ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದ. ಕೂಸಿಗೆ ಜ್ವರ, ಕೈಕಾಲು ಕಡ್ಡಿ. ಯಂಕವ್ವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳೆದಳು. ಪುಟ್ಟ ಮುಂಗೈ ತುಂಬ ಬಾವು.

ಡಾಕ್ಟರ ಮುಖ ಇಳಿಯಿತು. "ಇಷ್ಟು ಸಣ್ಣ ಮೈ ಎಷ್ಟಂತ ಕಾದಾಡೀತು? ಯಾರ ಕೂಡ ಮಲಗತಿತ್ತಪಾ ಇದು?"

"ನಮ್ಮವ್ವನ ಕೂಡ್ರಿ. ಅವ್ವ ಭಾಳ ಕೆಮ್ಮತಿದ್ಲು. ನನಗ ಅಂಜಿಕಿ ಆಗಿ ಬ್ಯಾರೆ ಮಲಗಸ್ತೇನಿ ಅಂದಿದ್ದೆ." ಮಾರೆಪ್ಪ ಯಂಕವ್ವನ ಕಡೆ ತಿರುಗಿದ. "ಆದ್ರ ಚಿಗವ್ವ ಕೈ ನೋಡಿ ಏನೂ ಇಲ್ಲ ಅಂದಿದ್ಲಲ್ರಿ. ಅಕಿ ಮಾತಿನ ಮ್ಯಾಲೆ ಕೂಸನ್ನ ಕಡೀತನಕ ಅವ್ವನ ಮಗ್ಗಲದಾಗ ಬಿಟ್ವಿ."

ಡಾಕ್ಟರು ಹೋದ ವರ್ಷದ ಹಾಳೆ ತೆಗೆದರು. "ಹೊಳೆವ್ವನ ಹೆಸರಿನ ಮುಂದ ಕೆಮ್ಮಿಗೆ ಸೊನ್ನಿ ಐತಲ್ಲ. ಕೇಳಿದ್ದಿಲ್ಲೇನವ್ವಾ?"

ಮರೆತೆ ಎನ್ನಬಹುದಿತ್ತು. ಆ ಮಾತು ಗಂಟಲವರೆಗೆ ಬಂದಿತ್ತು ಕೂಡ.

"ಕೇಳೂದೇನ್ರಿ, ರಕ್ತನ ಕಂಡಿದ್ದೆ," ಎಂದಳು ಯಂಕವ್ವ. "ಬೇಕಂತನ ಸೊನ್ನಿ ಹಾಕಿದೆ. ಅಕಿ ಸಾಯ್ಲಿ ಅಂತ. ಕೂಸಿನ ಖಬರ ನನಗಿರಲಿಲ್ಲ."

ಮಾರೆಪ್ಪ ಅವಳ ತೊಡೆಯಿಂದ ಮಗಳನ್ನು ಕಿತ್ತುಕೊಂಡ.